‘ನಗುವನು’ ಎಂಬ ಹೆಸರಿನ ಹುಡುಗ



ಒಂದೇ ಒಂದು ಪದವನ್ನು ಹಿಡಿದು ಮಾತಾಡಬೇಕು, ಅದರ ಬೇರಿನಿಂದ ತುದಿಯವರೆಗೆ ಹೋಗಿ ಬರಬೇಕು ಎಂಬುದು ಈ ದತ್ತಿ ಉಪನ್ಯಾಸದ ಷರತ್ತು. ನಾನು ಆರಿಸಿಕೊಂಡಿರುವುದು ಒಬ್ಬ ಹುಡುಗನ ಹೆಸರು, ಹೀಬ್ರೂ ಭಾಷೆಯದು. ಕನ್ನಡ ಬೈಬಲ್ಲಿನಲ್ಲಿ ಅದು ಇಸಾಕ. ಮುಸ್ಲಿಂ ಮನೆಗಳಲ್ಲಿ ಇಸ್ಹಾಕ್. ಇಂಗ್ಲಿಷಿನ ದಾರಿ ಹಿಡಿದು ಬಂದಾಗ ಐಸಾಕ್, ನಮ್ಮ ವಿಜ್ಞಾನದ ಪಾಠಗಳ ನ್ಯೂಟನ್ನನ ಮೊದಲ ಹೆಸರು. ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಒಂದೇ ತರಗತಿಯ ಹಾಜರಿ ಪುಸ್ತಕದಲ್ಲಿ ಒಬ್ಬ ಐಸಾಕ್, ಒಬ್ಬ ಇಸ್ಹಾಕ್ ಹತ್ತು ಸಾಲಿನ ಅಂತರದಲ್ಲಿ ಇದ್ದುಬಿಡಬಹುದು. ತಮ್ಮದು ಒಂದೇ ಹೆಸರು ಎಂದು ಆ ಹುಡುಗರಿಗೂ ಹೊಳೆದಿರುವುದಿಲ್ಲ, ಹಾಜರಿ ಕೂಗುವ ಮೇಷ್ಟರಿಗೂ ಹೊಳೆದಿರುವುದಿಲ್ಲ.

ಮಕ್ಕಳಿಗೆ ಹೆಸರು ಹುಡುಕಿಕೊಡುವ ಪುಸ್ತಕಗಳಲ್ಲಿ ಈ ಹೆಸರಿನ ಮುಂದೆ ಒಂದೇ ಪದ ಇರುತ್ತದೆ: ನಗು. ಸುಳ್ಳಲ್ಲ. ಆದರೆ ತಿಪ್ಪಣ್ಣ ಎಂದರೇನು ಎಂದು ಕೇಳಿದವನಿಗೆ ‘ತಿಪ್ಪೆ’ ಎಂದಷ್ಟೇ ಹೇಳಿ ಕೈತೊಳೆದುಕೊಂಡ ಹಾಗೆ ಅದು. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಹುಟ್ಟಿದ ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ, ಇದು ಯಾರಿಗೂ ಬೇಡದ್ದು ಎಂದು ಸಾವಿಗೆ ಸುಳ್ಳು ಹೇಳಿ, ಮತ್ತೆ ಎತ್ತಿಕೊಂಡು ಬಂದ ತಾಯಿಯನ್ನು ಬಿಟ್ಟರೆ ತಿಪ್ಪಣ್ಣನಿಗೆ ಅರ್ಥವೇ ಇಲ್ಲ. ಸಾಲಾಗಿ ಹೆಣ್ಣು ಹುಟ್ಟಿದ ಮನೆಯ ಸಾಕಮ್ಮನದೂ ಇದೇ ಕತೆ. ಕೆಲವು ಹೆಸರುಗಳ ಅರ್ಥ ಪದದಲ್ಲಿರುವುದಿಲ್ಲ, ಹೆಸರಿಟ್ಟ ಗಳಿಗೆಯಲ್ಲಿರುತ್ತದೆ. ಇಸಾಕ ಅಂಥ ಹೆಸರು. ‘ನಗು’ ಎಂದರೆ ಸಾಲದು. ಯಾರು ನಕ್ಕರು, ಯಾಕೆ ನಕ್ಕರು, ನಕ್ಕಮೇಲೆ ಏನಾಯಿತು ಎಂದು ಕೇಳಬೇಕು.

ಒಂದು: ಹೆಸರಲ್ಲ, ಕ್ರಿಯಾಪದ

ಮೊದಲು ವ್ಯಾಕರಣ. ಹೀಬ್ರೂವಿನಲ್ಲಿ ಈ ಹೆಸರನ್ನು ಹೆಚ್ಚುಕಡಿಮೆ ‘ಯಿತ್ಸ್‌ಹಾಕ್’ ಎಂದು ಉಚ್ಚರಿಸುತ್ತಾರೆ. ನಡುವಿನ ‘ತ್ಸ’ ಎರಡು ಅಕ್ಷರವಲ್ಲ, ಒಂದೇ ಅಕ್ಷರ. ಮರಾಠಿಯವರು ಚಹಾ ಎನ್ನುವಾಗ, ತೆಲುಗಿನವರು ಚಾಲಾ ಎನ್ನುವಾಗ ಬರುವ ಚಕಾರವನ್ನು ನೆನೆದುಕೊಳ್ಳಿ. ಅದರ ಮುಂದಿನ ‘ಹ’ ಗಂಟಲನ್ನು ತುಸು ಕೆರೆದು ಬರುತ್ತದೆ. ಹೀಬ್ರೂ ಪದಗಳು ಸಾಮಾನ್ಯವಾಗಿ ಮೂರು ವ್ಯಂಜನಗಳ ಧಾತುವಿನಿಂದ ಹುಟ್ಟುತ್ತವೆ. ಇಲ್ಲಿಯ ಧಾತು ತ್ಸ-ಹ-ಕ, ನಗು ಎಂದರ್ಥ. ಮುಂದೆ ಸೇರಿರುವ ‘ಯಿ’ ಪ್ರಥಮ ಪುರುಷ, ಪುಲ್ಲಿಂಗ, ಏಕವಚನದ ಗುರುತು. ನಾವು ಕ್ರಿಯಾಪದದ ಬಾಲಕ್ಕೆ ‘ಅನು’ ಕಟ್ಟಿದರೆ ಅವರು ತಲೆಗೆ ‘ಯಿ’ ಕಟ್ಟುತ್ತಾರೆ, ಅಷ್ಟೇ ವ್ಯತ್ಯಾಸ.

ಹಾಗಾಗಿ ಯಿತ್ಸ್‌ಹಾಕ್ ಎಂಬುದು ಸುಹಾಸ, ಸ್ಮಿತ, ಚಂದ್ರಹಾಸಗಳಂಥ ನಾಮಪದವಲ್ಲ. ಅದು ಇಡೀ ಒಂದು ವಾಕ್ಯ: ನಗುವನು. ಈ ರೂಪ ಅಲ್ಲಿ ವರ್ತಮಾನಕ್ಕೂ ಸಲ್ಲುತ್ತದೆ, ಭವಿಷ್ಯಕ್ಕೂ ಸಲ್ಲುತ್ತದೆ. ಇಂಗ್ಲಿಷಿನವರು ಇದನ್ನು ವಿವರಿಸಲು ಎರಡು ವಾಕ್ಯ ಬರೆಯಬೇಕು. ಕನ್ನಡಕ್ಕೆ ಆ ಕಷ್ಟವಿಲ್ಲ. ‘ನಗುವನು’ ಎಂದರೆ ಈಗ ನಗುತ್ತಾನೆಯೋ, ಮುಂದೆ ನಕ್ಕಾನೋ? ನಮ್ಮ ಹಳೆಯ ವ್ಯಾಕರಣ ಎರಡನ್ನೂ ಒಂದೇ ರೂಪದಲ್ಲಿ ಹಿಡಿದಿಟ್ಟಿದೆ. ಈ ಹೆಸರಿಗೆ ಇಷ್ಟು ಸರಿಹೊಂದುವ ಅನುವಾದ ಲೋಕದ ಹೆಚ್ಚು ಭಾಷೆಗಳಿಗೆ ದಕ್ಕಲಾರದು.

ಆದರೆ ನಗುವವನು ಯಾರು? ವಾಕ್ಯದಲ್ಲಿ ಕರ್ತೃ ಇಲ್ಲ. ವಾಕ್ಯವೇ ಹೆಸರಾಗುವುದು ಹೀಬ್ರೂವಿನಲ್ಲಿ ಹೊಸತಲ್ಲ, ಆದರೆ ಎಷ್ಟೋ ಸಲ ಕರ್ತೃವೂ ಜೊತೆಗಿರುತ್ತದೆ. ಇಷ್ಮಾಯೇಲ ಎಂಬುದರ ಕೊನೆಯಲ್ಲಿರುವ ‘ಏಲ್’ ದೇವರು. ‘ದೇವರು ಕೇಳುವನು’ ಎಂದು ಆ ಹೆಸರಿನ ಅರ್ಥ. ಯಿತ್ಸ್‌ಹಾಕ್ ಕೂಡ ಮೊದಲು ಯಿತ್ಸ್‌ಹಾಕ್-ಏಲ್ ಆಗಿತ್ತು, ‘ದೇವರು ನಗುವನು’, ಅಂದರೆ ಮಗುವಿನ ಮೇಲೆ ನಸುನಗೆ ಬೀರುವನು ಎಂಬ ಹರಕೆಯ ಹೆಸರಾಗಿತ್ತು, ಬಾಲ ಉದುರಿ ಹೀಗಾಯಿತು ಎಂದು ಹಲವು ವಿದ್ವಾಂಸರು ಊಹಿಸಿದ್ದಾರೆ. ಊಹೆಗೆ ಒಂದು ಆಧಾರವೂ ಸಿಕ್ಕಿದೆ. ಸಿರಿಯಾದ ಕರಾವಳಿಯ ರಾಸ್ ಶಮ್ರಾ ದಿಬ್ಬದಲ್ಲಿ 1929ರಿಂದ ನಡೆದ ಉತ್ಖನನದಲ್ಲಿ ಉಗಾರಿತ್ ಎಂಬ ಪ್ರಾಚೀನ ನಗರದ ಜೇಡಿಮಣ್ಣಿನ ಹಲಗೆಗಳು ದೊರೆತವು. ಹೀಬ್ರೂವಿಗೆ ದಾಯಾದಿಯಂತಿರುವ ಅಲ್ಲಿಯ ಭಾಷೆಯ ಬಾಳ್ ದೇವತೆಯ ಕಾವ್ಯದಲ್ಲಿ ‘ಏಲ್’ ಎಂಬ ಹಿರಿಯ ದೇವರು ಹುಬ್ಬಿನ ಗಂಟು ಬಿಚ್ಚಿ ನಗುತ್ತಾನೆ. ಅಲ್ಲಿ ಬಳಕೆಯಾಗಿರುವುದು ಇದೇ ಧಾತು, ಇದೇ ರೂಪ. ಕ್ರಿಸ್ತಪೂರ್ವ ಹದಿಮೂರು-ಹದಿನಾಲ್ಕನೆಯ ಶತಮಾನದ ಹಲಗೆಗಳವು. ನಗುವ ದೇವರು ಆ ಸೀಮೆಗೆ ಹಳಬ.

ಎರಡು: ನಕ್ಕವರು

ಬೈಬಲ್ಲಿನ ಮೊದಲ ಪುಸ್ತಕವಾದ ಆದಿಕಾಂಡ ಈ ನಗುವನ್ನು ದೇವರಿಂದ ಕಿತ್ತು ಮನುಷ್ಯರ ಬಾಯಿಗೆ ಹಾಕುತ್ತದೆ. ಕತೆ ಬಲ್ಲವರಿದ್ದೀರಿ, ಸಂಕ್ಷೇಪವಾಗಿ ಹೇಳುತ್ತೇನೆ. ಅಬ್ರಹಾಮನಿಗೆ ನೂರರ ಹತ್ತಿರ, ಹೆಂಡತಿ ಸಾರಾಳಿಗೆ ತೊಂಬತ್ತರ ಹತ್ತಿರ, ಆಕೆಯ ಒಡಲಲ್ಲಿ ಮಕ್ಕಳಿಲ್ಲ. ನಿನಗೆ ಸಾರಾಳಿಂದಲೇ ಮಗನಾಗುತ್ತಾನೆ ಎಂದು ದೇವರು ಹೇಳಿದಾಗ ಅಬ್ರಹಾಮ ಬೋರಲು ಬೀಳುತ್ತಾನೆ. ನೋಡುವವರಿಗೆ ಅದು ಸಾಷ್ಟಾಂಗ ನಮಸ್ಕಾರ. ಆದರೆ ಮುಖ ನೆಲಕ್ಕಿಟ್ಟು ಅವನು ನಗುತ್ತಿದ್ದಾನೆ! ಭಕ್ತಿಯ ಭಂಗಿಯಲ್ಲಿ ಅಪನಂಬಿಕೆಯ ನಗು. ದೇವರು ಗದರಿಸುವುದಿಲ್ಲ. ಆ ಮಗನಿಗೆ ‘ನಗುವನು’ ಎಂದು ಹೆಸರಿಡು ಎನ್ನುತ್ತಾನೆ.

ಮುಂದಿನ ಅಧ್ಯಾಯದಲ್ಲಿ ಸಾರಾಳ ಸರದಿ. ಮನೆಗೆ ಬಂದ ಮೂವರು ಅತಿಥಿಗಳು ಮರದಡಿ ಊಟಕ್ಕೆ ಕೂತಿದ್ದಾರೆ. ಬರುವ ವರ್ಷ ಈ ಹೊತ್ತಿಗೆ ಸಾರಾಳ ಮಡಿಲಲ್ಲಿ ಮಗನಿರುತ್ತಾನೆ ಎಂದು ಒಬ್ಬನ ಮಾತು. ಗುಡಾರದ ಬಾಗಿಲ ಹಿಂದೆ ಕಿವಿಗೊಟ್ಟ ಮುದುಕಿ ಒಳಗೊಳಗೇ ನಗುತ್ತಾಳೆ. ಮುಟ್ಟು ನಿಂತ ಮೈ, ಮುದುಕ ಗಂಡ. ನಗದೆ ಇನ್ನೇನು ಮಾಡಿಯಾಳು? ಸಾರಾ ಯಾಕೆ ನಕ್ಕಳು ಎಂದು ದೇವರು ಕೇಳುತ್ತಾನೆ. ಹೆದರಿದ ಆಕೆ ತಾನು ನಗಲೇ ಇಲ್ಲ ಎನ್ನುತ್ತಾಳೆ. ಇಲ್ಲ, ನೀನು ನಕ್ಕದ್ದು ನಿಜ ಎಂದು ಉತ್ತರ ಬರುತ್ತದೆ. ಅಲ್ಲಿಗೆ ಆ ಸಂಭಾಷಣೆ ಮುಗಿಯುತ್ತದೆ. ಶಾಪವಿಲ್ಲ, ಶಿಕ್ಷೆಯಿಲ್ಲ.

ಆಮೇಲೆ ಮಗು ಹುಟ್ಟಿತು, ಹೆಸರು ಬಂತು. ನಾನು ನಗಲಿಲ್ಲ ಎಂದು ಸಾಧಿಸಿದ ಹೆಂಗಸು ಅಂದಿನಿಂದ ಊಟಕ್ಕೆ ಕರೆಯುವಾಗ, ಸಂಜೆ ಆಟದಿಂದ ಕೂಗುವಾಗ, ಆ ನಗುವನ್ನೇ ಊರಿಗೆಲ್ಲ ಕೇಳುವಂತೆ ಬಾಯಿಬಿಟ್ಟು ಹೇಳಬೇಕಾಯಿತು. ಅಲ್ಲಗಳೆದ ನಗುವೇ ಮಗನ ಹೆಸರಾಯಿತು. ಈ ಹೆಸರಿನ ನಿಜವಾದ ಅರ್ಥ ಇದು ಎಂದು ನಾನು ತಿಳಿದಿದ್ದೇನೆ. ಮಗು ಹುಟ್ಟಿದ ಸಂತೋಷದ ನಗು ಆಮೇಲಿನದು. ಮೊದಲಿನದು, ಇದೆಲ್ಲಿ ಆಗುವ ಮಾತು ಎಂಬ ನಗು. ಆಮೇಲಿನ ಆ ಸಂತೋಷದ ನಗುವಿನಲ್ಲಿಯೂ ಒಂದು ಮುಳ್ಳಿದೆ. ಹೆತ್ತಮೇಲೆ ಸಾರಾ, ದೇವರು ತನಗೆ ನಗು ತಂದನೆಂದೂ ಕೇಳಿದವರೆಲ್ಲ ನಗುವರೆಂದೂ ಹೇಳುತ್ತಾಳೆ. ಅಲ್ಲಿ ಬಳಸಿರುವ ‘ಲೀ’ ಎಂಬ ಚಿಕ್ಕ ಪದವನ್ನು ‘ನನಗಾಗಿ ನಗುವರು’ ಎಂದೂ ಓದಬಹುದು, ‘ನನ್ನನ್ನು ಕಂಡು ನಗುವರು’ ಎಂದೂ ಓದಬಹುದು. ತೊಂಬತ್ತರ ಬಾಣಂತಿಯನ್ನು ಕಂಡು ಊರು ಯಾವ ನಗು ನಗುತ್ತದೆ? ಎರಡೂ ನಗುತ್ತದೆ.

ಕನ್ನಡದಲ್ಲಿ ಒಂದೇ ಧಾತುವಿನಿಂದ ನಗೆಮಲ್ಲಿಗೆಯೂ ಹುಟ್ಟುತ್ತದೆ, ನಗೆಗೀಡೂ ಹುಟ್ಟುತ್ತದೆ, ನಗೆಪಾಟಲೂ ಹುಟ್ಟುತ್ತದೆ. ಹೀಬ್ರೂವಿನಲ್ಲೂ ಹಾಗೇ. ತ್ಸ-ಹ-ಕ ಧಾತುವಿನ ಕ್ರಿಯಾಪದ ಹೀಬ್ರೂ ಬೈಬಲ್ಲಿನಲ್ಲಿ ಬರುವುದು ಒಟ್ಟು 13 ಸಲ, ಅದರಲ್ಲಿ 11 ಆದಿಕಾಂಡದಲ್ಲಿ. ಸೊದೋಮ್ ಊರು ಸುಡುತ್ತದೆ, ಓಡಿರಿ ಎಂದು ಲೋಟ ಎಂಬವನು ಎಚ್ಚರಿಸಿದಾಗ ಅವನ ಅಳಿಯಂದಿರಿಗೆ ಅದು ತಮಾಷೆ ಎನಿಸುತ್ತದೆ. ಅಲ್ಲಿ ಇದೇ ಧಾತು. ಅಬ್ರಹಾಮನಿಗೆ ದಾಸಿಯಲ್ಲಿ ಹುಟ್ಟಿದ ಮಗ ಇಷ್ಮಾಯೇಲ ನಗೆಯಾಡುವುದನ್ನು, ಅದು ಆಟವೋ ಅಣಕವೋ, ಕಂಡ ಸಾರಾ ಅವನನ್ನೂ ಅವನ ತಾಯಿಯನ್ನೂ ಮನೆಯಿಂದ ಹೊರಡಿಸುತ್ತಾಳೆ. ಅಲ್ಲೂ ಇದೇ ಧಾತು. ಬೆಳೆದ ಇಸಾಕ ಹೆಂಡತಿ ರೆಬೆಕ್ಕಳೊಡನೆ ಸರಸವಾಡುವುದು ಗೆರಾರಿನ ಅರಸನಿಗೆ ಕಿಟಕಿಯಿಂದ ಕಾಣುತ್ತದೆ. ಅದೂ ಇದೇ ಧಾತು. ಇಸ್ರಾಯೇಲರು ಬಂಗಾರದ ಬಸವನ ಮುಂದೆ ಕುಣಿದದ್ದಕ್ಕೂ ಇದೇ, ಕಣ್ಣು ಕೀಳಿಸಿಕೊಂಡ ವೀರ ಸಂಸೋನನನ್ನು ಶತ್ರುಗಳು ಸಭೆಯಲ್ಲಿ ಆಡಿಸಿ ನಕ್ಕದ್ದಕ್ಕೂ ಇದೇ. ನಗು, ಆಟ, ಗೇಲಿ, ಸರಸ, ಅವಮಾನ ಎಲ್ಲವೂ ಒಂದೇ ಬಟ್ಟಲಲ್ಲಿವೆ. ಅಂಥ ಬಟ್ಟಲನ್ನು ಒಂದು ಕೂಸಿನ ಕೊರಳಿಗೆ ಕಟ್ಟಿದರು.

ಮೂರು: ನಗದವನು

ವಿಚಿತ್ರವೆಂದರೆ, ಆ ಸರಸದ ಒಂದು ಗಳಿಗೆಯನ್ನು ಬಿಟ್ಟರೆ ಇಸಾಕ ನಕ್ಕದ್ದು ಎಲ್ಲೂ ದಾಖಲಾಗಿಲ್ಲ. ಅವನ ಬಾಲ್ಯದಿಂದ ನಮಗೆ ಉಳಿದಿರುವುದು ಒಂದೇ ಮಾತುಕತೆ. ಮಗನನ್ನು ಬಲಿಕೊಡು ಎಂದು ದೇವರು ಅಬ್ರಹಾಮನಿಗೆ ಹೇಳಿದ್ದಾನೆ, ಹುಡುಗ ತಂದೆಯೊಡನೆ ಬೆಟ್ಟ ಹತ್ತುತ್ತಿದ್ದಾನೆ. ಬೆನ್ನ ಮೇಲೆ ಸೌದೆ ಹೊತ್ತವನು ಮಗ, ಬೆಂಕಿ ಮತ್ತು ಕತ್ತಿ ಹಿಡಿದವನು ತಂದೆ. ಅಪ್ಪಾ ಎಂದು ಮಗ ಕರೆಯುತ್ತಾನೆ. ‘ಹಿನ್ನೇನಿ’ ಎಂದು ಅಬ್ರಹಾಮ ಓಗೊಡುತ್ತಾನೆ. ಇಗೋ ಇದ್ದೇನೆ ಎಂದರ್ಥ. ಅದೇ ಅಧ್ಯಾಯದಲ್ಲಿ ದೇವರು ಕರೆದಾಗಲೂ ದೂತ ಕರೆದಾಗಲೂ ಅವನು ಕೊಡುವುದು ಅದೇ ಉತ್ತರ. ಬಲಿಗೆ ಕುರಿಮರಿ ಎಲ್ಲಿ ಎಂದು ಹುಡುಗ ಕೇಳುತ್ತಾನೆ. ಬಲಿ ತಾನೇ ಎಂದು ಅವನಿಗೆ ತಿಳಿದದ್ದು ಯಾವಾಗ ಎಂದು ಕತೆ ಹೇಳುವುದಿಲ್ಲ. ಕೊನೆಯ ಗಳಿಗೆಯಲ್ಲಿ ಟಗರು ಸಿಕ್ಕಿತು, ಹುಡುಗ ಉಳಿದ. ಯಹೂದಿಗಳ ಹೊಸವರ್ಷವಾದ ರೋಶ್ ಹಶಾನಾದಲ್ಲಿ ಮೊದಲ ದಿನ ಇಸಾಕನ ಹುಟ್ಟಿನ ಅಧ್ಯಾಯ, ಎರಡನೆಯ ದಿನ ಈ ಬಲಿಯ ಅಧ್ಯಾಯ ಓದುವುದು ಇಂದಿಗೂ ವಾಡಿಕೆ. ನಗುವಿನ ಬೆನ್ನಿಗೇ ಕತ್ತಿ.

ಮುಪ್ಪಿನಲ್ಲಿ ಇಸಾಕನ ಕಣ್ಣು ಮಂಜಾದವು. ಅದಕ್ಕೆ ಯಹೂದಿ ಗುರುಗಳಾದ ರಬ್ಬಿಗಳ ಪರಂಪರೆ ಹೇಳುವ ಒಂದು ಕತೆ ನನಗೆ ಇಷ್ಟ: ಬಲಿಪೀಠದ ಮೇಲೆ ಅಂಗಾತ ಮಲಗಿದ್ದ ಹುಡುಗನ ಕಣ್ಣಿಗೆ ಮೇಲಿನಿಂದ ನೋಡುತ್ತಿದ್ದ ದೇವದೂತರ ಕಣ್ಣೀರು ಬಿತ್ತಂತೆ, ಅದರ ಗುರುತು ಮುಪ್ಪಿನಲ್ಲಿ ಹೊರಬಂತಂತೆ. ಇನ್ನೂ ಒಂದು ಮಾತು. ಇಸಾಕನ ಮಗ ಯಾಕೋಬ ತನ್ನ ತಂದೆಯ ದೇವರನ್ನು ಕರೆಯುವ ಹೆಸರು ‘ಪಹದ್ ಯಿತ್ಸ್‌ಹಾಕ್’, ಅಂದರೆ ಇಸಾಕನ ಭಯ. ಅಕ್ಷರಕ್ಕೆ ಅಕ್ಷರ ಇಟ್ಟು ಕನ್ನಡಿಸಿದರೆ, ‘ನಗುವವನ ಹೆದರಿಕೆ’. ಒಬ್ಬ ಮನುಷ್ಯನ ಇಡೀ ಬಾಳು ಎರಡು ಪದದಲ್ಲಿ ಅಡಗಿದೆ.

ಆದರೂ ಹೆಸರು ಬದಲಾಗಲಿಲ್ಲ. ಅಬ್ರಾಮ ಅಬ್ರಹಾಮನಾದ, ಯಾಕೋಬ ಇಸ್ರಾಯೇಲನಾದ. ಮೂವರು ಮೂಲಪುರುಷರಲ್ಲಿ ಇಟ್ಟ ಹೆಸರಲ್ಲೇ ಹುಟ್ಟಿ ಆ ಹೆಸರಲ್ಲೇ ಸತ್ತವನು ಇಸಾಕ ಒಬ್ಬನೇ. ಬದುಕಿದ್ದೂ ಹೆಚ್ಚು, 180 ವರ್ಷ ಎನ್ನುತ್ತದೆ ಆದಿಕಾಂಡ. ಹುಟ್ಟುವ ಮೊದಲೇ ದೇವರು ಇಟ್ಟ ಹೆಸರನ್ನು ಬದಲಿಸುವವರು ಯಾರು ಎಂದು ಅದೇ ರಬ್ಬಿಗಳ ಗ್ರಂಥವಾದ ಜೆರೂಸಲೇಮಿನ ತಾಲ್ಮುದ್ ವಿವರಣೆ ಕೊಡುತ್ತದೆ.

ಇಟ್ಟ ಹೆಸರಿನ ಒಂದೊಂದು ಅಕ್ಷರವನ್ನೂ ಬಿಡಿಸಿದವರಿದ್ದಾರೆ. ಹೀಬ್ರೂವಿನಲ್ಲಿ ಅಕ್ಷರಗಳೇ ಅಂಕಿಗಳೂ ಹೌದು. ಫ್ರಾನ್ಸಿನ ತ್ರ್ವಾ ಪಟ್ಟಣದಲ್ಲಿದ್ದ ಭಾಷ್ಯಕಾರ ರಾಶಿ (1040–1105) ಈ ಹೆಸರಿನ ನಾಲ್ಕು ಅಕ್ಷರಗಳನ್ನು ಹೀಗೆ ಎಣಿಸುತ್ತಾನೆ: ಯೋದ್ ಎಂದರೆ 10, ಅದು ಅಬ್ರಹಾಮನಿಗೆ ಬಂದ ಹತ್ತು ಪರೀಕ್ಷೆಗಳು. ತ್ಸಾದಿ ಎಂದರೆ 90, ಹೆತ್ತಾಗ ಸಾರಾಳ ವಯಸ್ಸು. ಹೇತ್ ಎಂದರೆ 8, ಸುನ್ನತಿಯಾದ ಎಂಟನೆಯ ದಿನ. ಕೋಫ್ ಎಂದರೆ 100, ಅಬ್ರಹಾಮನ ವಯಸ್ಸು. ಹೆಸರಿನಲ್ಲಿ ಒಂದು ಜನ್ಮಕುಂಡಲಿಯೇ ಇದೆ! ಪಂಡಿತನ ಕಸರತ್ತು ಎಂದು ನಗುವ ಮೊದಲು ರಾಶಿಯ ಹೆಸರನ್ನು ಬಿಡಿಸಿ. ರಬ್ಬಿ ಶ್ಲೊಮೊ ಯಿತ್ಸ್‌ಹಾಕಿ ಎಂಬುದರ ಮೊದಲಕ್ಷರಗಳು ಸೇರಿ ರಾಶಿ ಆಗಿದೆ. ಯಿತ್ಸ್‌ಹಾಕಿ ಎಂದರೆ ಯಿತ್ಸ್‌ಹಾಕನ ಮಗ. ಆತ ಒಂದೊಂದೇ ಅಕ್ಷರವಾಗಿ ಬಿಡಿಸುತ್ತಿದ್ದುದು ತನ್ನ ಅಪ್ಪನ ಹೆಸರನ್ನು.

ಅಂದಹಾಗೆ, ಯಹೂದಿ ಮನೆಗಳಲ್ಲಿ ಗಂಡುಮಗುವಿಗೆ ಎಂಟನೆಯ ದಿನ ಸುನ್ನತಿಯ ಹೊತ್ತಿನಲ್ಲೇ ಹೆಸರಿಡುವುದು ಪದ್ಧತಿ. ಎಂಟನೆಯ ದಿನ ಸುನ್ನತಿಯಾದ ಮೊದಲಿಗನಾಗಿ ಆದಿಕಾಂಡದಲ್ಲಿ ಕಾಣುವವನು ಇಸಾಕನೇ.

ನಾಲ್ಕು: ದಾಟುವಾಗ ಕಳೆದದ್ದು

ಹೆಸರುಗಳು ಬಲು ಗಟ್ಟಿ. ಭಾಷೆಯಿಂದ ಭಾಷೆಗೆ ದಾಟುತ್ತವೆ. ಆದರೆ ಈ ಹೆಸರಿನ ಜೀವ ಶ್ಲೇಷೆಯಲ್ಲಿದೆ. ಶ್ಲೇಷೆ ದಾಟುವುದಿಲ್ಲ. ಲಕ್ಷ್ಮೀಶನ ಜೈಮಿನಿ ಭಾರತದಿಂದಲೋ ಯಕ್ಷಗಾನದಿಂದಲೋ ನಿಮಗೆ ಚಂದ್ರಹಾಸನ ಕತೆ ಗೊತ್ತು. ಈ ಹುಡುಗನಿಗೆ ವಿಷ ಕೊಡು ಎಂದು ಮಂತ್ರಿ ಬರೆದ ಓಲೆಯನ್ನು ಅವನ ಮಗಳು ಕಣ್ಣಕಾಡಿಗೆಯಿಂದ ತಿದ್ದಿ ‘ವಿಷಯೆ’ ಎಂದು ತನ್ನ ಹೆಸರಾಗಿಸುತ್ತಾಳೆ. ಸಾವು ಮದುವೆಯಾಗುತ್ತದೆ. ಈ ಕತೆಯನ್ನು ಜರ್ಮನ್ನರಿಗೆ ಹೇಳಿ ನೋಡಿ. ಕಾಡಿಗೆಯ ಒಂದು ಗೀಟಿಗೆ ಒಂದು ಪುಟ ಅಡಿಟಿಪ್ಪಣಿ ಬೇಕಾಗುತ್ತದೆ.

ಇಸಾಕನಿಗೂ ಹಾಗೇ ಆಯಿತು. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಯಹೂದಿಗಳು ತಮ್ಮ ಗ್ರಂಥವನ್ನು ಗ್ರೀಕಿಗೆ ತಿರುಗಿಸಲು ತೊಡಗಿದಾಗ, ಗ್ರೀಕಿನಲ್ಲಿ ‘ತ್ಸ’ಕಾರಕ್ಕೂ ಗಂಟಲಿನ ‘ಹ’ಕಾರಕ್ಕೂ ಅಕ್ಷರವಿರಲಿಲ್ಲ. ಹೆಸರು ಸವೆದು ಇಸಾಅಕ್ ಆಯಿತು. ನಗುವಿಗೆ ಅಲ್ಲಿ ಬೇರೆಯೇ ಪದವಿತ್ತು. ಹೆಸರಿಗೂ ನಗುವಿಗೂ ನಂಟು ಕಡಿಯಿತು. ಮುಂದೆ ಅದೇ ಊರಿನ ದಾರ್ಶನಿಕ ಫಿಲೋ ತನ್ನ ಗ್ರೀಕ್ ಓದುಗರಿಗೆ, ಇಸಾಕ ಎಂದರೆ ನಗು, ಜ್ಞಾನಿಯ ಆನಂದ ಎಂದು ಮತ್ತೆ ಮತ್ತೆ ಬಿಡಿಸಿ ಹೇಳಬೇಕಾಯಿತು. ಗ್ರೀಕಿನಿಂದ ಲ್ಯಾಟಿನ್ನಿಗೆ, ಅಲ್ಲಿಂದ ಯುರೋಪಿನ ಭಾಷೆಗಳಿಗೆ ಹೋದದ್ದು ಈ ಸವೆದ ರೂಪವೇ. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಬಳ್ಳಾರಿಯ ಮಿಷನರಿ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಗಾರರು ಬೈಬಲನ್ನು ಕನ್ನಡಿಸಲು ಕೂತ ಮೇಲೆ ನಮಗೂ ಇದೇ ಕಷ್ಟ ಎದುರಾಯಿತು. ‘ಇಸಾಕ’ ಎಂಬಲ್ಲಿ ನಗುವಿನ ಸದ್ದಿಲ್ಲ, ‘ನಕ್ಕಳು’ ಎಂಬಲ್ಲಿ ಇಸಾಕನ ಸದ್ದಿಲ್ಲ. ‘ನಗಯ್ಯ’ ಎಂದು ಹೆಸರಿಟ್ಟಿದ್ದರೆ ಶ್ಲೇಷೆ ಉಳಿಯುತ್ತಿತ್ತು, ಇಸಾಕ ಹೋಗುತ್ತಿದ್ದ.

ಅರಬ್ಬಿಯಲ್ಲಿ ಆದದ್ದು ಇನ್ನೂ ಕುತೂಹಲದ್ದು, ಯಾಕೆಂದರೆ ಅದು ಹೀಬ್ರೂವಿನ ರಕ್ತಸಂಬಂಧಿ. ಹೀಬ್ರೂವಿನ ‘ತ್ಸ’ ಇರುವಲ್ಲಿ ಎಷ್ಟೋ ಸಲ ಅರಬ್ಬಿಯಲ್ಲಿ ಒಂದು ಭಾರದ ಡಕಾರ ಬರುತ್ತದೆ. ನೆಲಕ್ಕೆ ಹೀಬ್ರೂವಿನಲ್ಲಿ ಎರೆತ್ಸ್, ಅರಬ್ಬಿಯಲ್ಲಿ ಅರ್ಡ್. ಆ ಡಕಾರ ಪಾರಸಿ, ಉರ್ದುಗಳ ದಾರಿಯಲ್ಲಿ ನಮ್ಮಲ್ಲಿ ಜಕಾರವಾಗಿದೆ. ನಾವು ರಂಜಾನ್ ಎನ್ನುವಲ್ಲಿ ಅರಬರು ರಮಡಾನ್ ಎನ್ನುತ್ತಾರೆ. ನಗುವಿಗೆ ಅರಬ್ಬಿಯ ಕ್ರಿಯಾಪದ ಡಹಿಕ. ಹೀಬ್ರೂ ಧಾತುವಿನ ನೆಂಟ. ಆದರೆ ಹೆಸರು ಮಾತ್ರ ‘ಸ’ಕಾರ ಹೊತ್ತು ಇಸ್‌ಹಾಕ್ ಆಗಿ ಬಂತು. ಹೀಗೆ ಅಕ್ಕಪಕ್ಕದ ಮನೆಯಲ್ಲಿದ್ದರೂ ಹೆಸರಿಗೆ ಕ್ರಿಯಾಪದದ ಪರಿಚಯ ತಪ್ಪಿತು. ಆದರೂ ಕುರಾನಿನ ಹನ್ನೊಂದನೆಯ ಅಧ್ಯಾಯದಲ್ಲಿ ಇಬ್ರಾಹೀಮರ ಹೆಂಡತಿ ನಿಂತಲ್ಲೇ ನಗುತ್ತಾಳೆ, ಆ ನಗುವಿನ ಬೆನ್ನಿಗೇ ಇಸ್ಹಾಕನ ಶುಭಸುದ್ದಿ ಬರುತ್ತದೆ. ಹೆಸರಿನಿಂದ ಜಾರಿದ ನಗುವನ್ನು ಕತೆ ಹಿಡಿದುಕೊಂಡಿದೆ. ಆಕೆ ಯಾಕೆ ನಕ್ಕಳೆಂದು ವ್ಯಾಖ್ಯಾನಕಾರರು ಶತಮಾನಗಳ ಕಾಲ ಚರ್ಚಿಸಿದ್ದಾರೆ.

ಐದು: ಮಂಗಳೂರಿಗೆ ಬಂದ ಕಾಗದ

ಈ ಹೆಸರು ನಮ್ಮ ಕರಾವಳಿಗೆ ಬಂದದ್ದು ಮಿಷನರಿಗಳ ಪುಸ್ತಕದಲ್ಲಿ ಅಲ್ಲ. ಅದಕ್ಕಿಂತ ಸುಮಾರು 700 ವರ್ಷ ಮೊದಲೇ ಒಂದು ವ್ಯಾಪಾರದ ಕಾಗದದಲ್ಲಿ ಬಂದಿತ್ತು.

ಟುನೀಸಿಯಾದ ಮಹ್ದಿಯಾ ಊರಿನ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು ಹನ್ನೆರಡನೆಯ ಶತಮಾನದಲ್ಲಿ ಸುಮಾರು 17 ವರ್ಷ ಮಂಗಳೂರಿನಲ್ಲಿ ನೆಲೆಸಿದ್ದ. 1132ರಲ್ಲಿ ಅಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ ಪತ್ರ ಅವನದು ಉಳಿದಿದೆ. ಮೆಣಸು, ಏಲಕ್ಕಿ, ಕಬ್ಬಿಣ, ಅಡಿಕೆ, ಕಂಚಿನ ಪಾತ್ರೆ ಇವು ಅವನ ಸರಕು. ಏಡನ್ ಬಂದರಿನಿಂದ ಅವನಿಗೆ ಕಾಗದ ಬರೆಯುತ್ತಿದ್ದ ಗೆಳೆಯರಲ್ಲಿ ಒಬ್ಬನ ಹೆಸರು ಖಲಫ್ ಇಬ್ನ್ ಇಸ್ಹಾಕ್, ಅಂದರೆ ಇಸ್ಹಾಕನ ಮಗ ಖಲಫ್. ಭಾಷೆ ಅರಬ್ಬಿ, ಲಿಪಿ ಹೀಬ್ರೂ. ದೇವರ ಹೆಸರು ಬರೆದಿರಬಹುದಾದ ಕಾಗದವನ್ನು ಹರಿದೆಸೆಯಬಾರದು ಎಂಬ ನಂಬಿಕೆಯಿಂದ ಕೈರೋದ ಬೆನ್ ಎಜ್ರಾ ಸಿನಗಾಗಿನ ಕೋಣೆಯೊಂದಕ್ಕೆ ಸುರಿದಿಟ್ಟ ರಾಶಿಯಲ್ಲಿ ಇವು ಉಳಿದುಬಂದವು. ಇಂಥ ಪತ್ರಗಳನ್ನು ಒಂದು ಬದುಕಾಗಿ ಜೋಡಿಸಿದವರು ವಿದ್ವಾಂಸ ಗೊಯಿಟೈನ್. ಅವುಗಳ ಬೆನ್ನುಹತ್ತಿ ಮಂಗಳೂರಿಗೆ ಬಂದು 1992ರಲ್ಲಿ ಪುಸ್ತಕ ಪ್ರಕಟಿಸಿದವರು ಅಮಿತಾವ್ ಘೋಷ್.

ಆ ಖಲಫ್ 1148ರಲ್ಲಿ ಬರೆದ ಒಂದು ಕಾಗದದಲ್ಲಿ ಬೆನ್ ಯಿಜುವಿನ ಆಳಿಗೂ ಸಲಾಮು ಹೇಳಿದ್ದಾನೆ. ಆಳಿನ ಹೆಸರು ಪತ್ರಗಳಲ್ಲಿ ಮೂರೇ ಅಕ್ಷರ: ಬ್, ಮ್, ಅ. ಹೀಬ್ರೂ ಲಿಪಿ ಸ್ವರಗಳನ್ನು ಓದುಗನ ಊಹೆಗೆ ಬಿಡುತ್ತದೆ. ‘ಬಮಾ’ ಎಂದು ಓದಿದವರಿದ್ದರು, ಬ್ರಹ್ಮ ಎಂಬುದರ ರೂಪವೆಂದವರಿದ್ದರು. ಘೋಷರ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಮಂಗಳೂರಿನಲ್ಲೇ, ತುಳು ವಿದ್ವಾಂಸ ಬಿ. ಎ. ವಿವೇಕ ರೈ ಅವರಿಂದ: ಅದು ಬೊಮ್ಮ. ಕೈರೋದ ಕತ್ತಲೆಯಲ್ಲಿ ಶತಮಾನಗಳ ಕಾಲ ಮಲಗಿದ್ದ ಹೆಸರು ತುಳುನಾಡಿನ ನಾಲಗೆ ತಾಗಿದೊಡನೆ ಎದ್ದು ಕೂತಿತು. ಅಕ್ಷರ ಉಳಿಸಿದವರು ಅವರು, ಸ್ವರ ಕೊಟ್ಟವರು ನಾವು. ಒಂದೇ ಕಾಗದದಲ್ಲಿ ಅಬ್ರಹಾಂ, ಇಸ್ಹಾಕ, ಬೊಮ್ಮ! ಅದನ್ನು ತೆರೆದವನು ಸರಕಿನ ಲೆಕ್ಕ ಓದಿದ್ದಾನು. ಹೆಸರುಗಳ ಅರ್ಥ ಕೇಳಲು ಅಲ್ಲಿ ಯಾರಿಗೂ ಪುರಸೊತ್ತಿದ್ದಿರಲಾರದು.

ಕೇಳಲು ಪುರಸೊತ್ತಿರುವವರು ನಾವು. ಈ ಸಭೆಯಲ್ಲಿ ಮೇಷ್ಟರುಗಳು ಬಹಳ ಜನ ಇದ್ದೀರಿ. ನಾಳೆ ಬೆಳಗ್ಗೆ ಹಾಜರಿ ಪುಸ್ತಕದಲ್ಲಿ ಈ ಹೆಸರು ಬಂದರೆ, ಅದು ಯಾವ ರೂಪದಲ್ಲೇ ಇರಲಿ, ನೀವು ಕೂಗುತ್ತಿರುವುದು ಒಂದು ವಾಕ್ಯವನ್ನು: ನಗುವನು. ಬಾಗಿಲ ಹಿಂದೆ ನಿಂತು ನಕ್ಕು, ನಗಲಿಲ್ಲವೆಂದ ಒಬ್ಬ ಮುದುಕಿಯ ಗುಟ್ಟದು. ಹಿಂದಿನ ಬೆಂಚಿನಿಂದ ‘ಹಾಜರ್ ಸಾರ್’ ಎಂದು ಉತ್ತರ ಬರುತ್ತದೆ. ಬೆಟ್ಟದ ದಾರಿಯಲ್ಲಿ ಅಪ್ಪ ಮಗನಿಗೆ ಕೊಟ್ಟ ಉತ್ತರವೂ ಅದೇ ಆಗಿತ್ತು: ಇಗೋ, ಇದ್ದೇನೆ.